ದೊಡ್ಡ ರೋಬೋಟ್ ಕದಲಲಿಲ್ಲ, ಮರಿ ಓಡಿತು

ಎರಡು ವಾರ ಮನೆಯಲ್ಲಿ ಖಾಲಿ ಪೆಟ್ಟಿಗೆ, ಬಾಟಲಿ ಮುಚ್ಚಳ, ಮುರಿದ ಆಟಿಕೆ ಯಾವುದನ್ನೂ ಎಸೆಯಲು ಬಿಡಲಿಲ್ಲ. ಒಂದು ಭಾನುವಾರ ಎಲ್ಲವನ್ನೂ ಮಕ್ಕಳ ಮುಂದೆ ಸುರಿದೆ. "ರೋಬೋಟ್ ಮಾಡೋಣ" ಅಂದೆ. ಎಂಟು ವರ್ಷದ ಮಗಳು ಕೇಳಿದ ಮೊದಲ ಪ್ರಶ್ನೆ, "ಅದು ನಡೆಯುತ್ತಾ?" ನನ್ನ ತಲೆಯಲ್ಲಿದ್ದದ್ದು ಸುಮ್ನೆ ನಿಲ್ಲುವ ಬೊಂಬೆ.

ಹಿಂದೊಮ್ಮೆ ಇಂಥದ್ದೇ ಮಾಡಿದಾಗ ಕತ್ತರಿ, ಅಂಟು ಎಲ್ಲ ನನ್ನ ಕೈಯಲ್ಲೇ ಇತ್ತು. ಬೊಂಬೆ ಚೆನ್ನಾಗೇ ಬಂತು, ಮಕ್ಕಳು ಮಾತ್ರ ಅದನ್ನು ಮುಟ್ಟಲಿಲ್ಲ. ಈ ಸಲ ತೂತು ಕೊರೆಯುವುದಷ್ಟೇ ನನ್ನ ಕೆಲಸ, ಉಳಿದದ್ದು ಅವರದ್ದು ಅಂತ ಮೊದಲೇ ಹೇಳಿಬಿಟ್ಟೆ. ಹಾಗಾಗಿ ನಮ್ಮ ರೋಬೋಟಿಗೆ ಮೂರು ಕಣ್ಣು.

ಮೊದಲ ತೊಡಕು ಬಣ್ಣ. ರಟ್ಟಿನ ಹೊರಮೈ ನುಣುಪಾಗಿರುವುದರಿಂದ ನೀರಿನ ಬಣ್ಣ ಹನಿಹನಿಯಾಗಿ ಜಾರಿ ಹೋಗುತ್ತಿತ್ತು. ಅಂಟಿಸಿದ ಅಂಚನ್ನು ಸ್ಕೇಲಿನಿಂದ ಮೆಲ್ಲಗೆ ಬಿಡಿಸಿ, ಪೆಟ್ಟಿಗೆಯನ್ನು ಒಳಮೈ ಹೊರಗೆ ಬರುವ ಹಾಗೆ ಮಡಚಿ ಮತ್ತೆ ಅಂಟಿಸಿದೆವು. ಒರಟು ಮೈ, ಬಣ್ಣ ಚೆನ್ನಾಗಿ ಹಿಡಿಯಿತು. ಜ್ಯೂಸ್ ಪ್ಯಾಕೆಟ್ಟಿನ ಒಳಗಂತೂ ಅಲ್ಯೂಮಿನಿಯಂ ಹಾಳೆಯೇ ಇರುತ್ತದೆ. ಕತ್ತರಿಸಿ, ತೊಳೆದು, ಒರೆಸಿದರೆ ಬೆಳ್ಳಿ ಮುಖ ರೆಡಿ.

ಜಾಸ್ತಿ ಹೊತ್ತು ಹಿಡಿದದ್ದು ಕೈಗಳು. ಬಿಳಿ ಅಂಟು ಪ್ಲಾಸ್ಟಿಕ್ ಮುಚ್ಚಳಕ್ಕೆ ನಿಲ್ಲುವುದಿಲ್ಲ, ಒಣಗಿದ ಮೇಲೆ ಟಪ್ಪನೆ ಕಳಚಿಕೊಳ್ಳುತ್ತದೆ. ಅದಕ್ಕೇ ಮುಚ್ಚಳಗಳಿಗೆ ತೂತು ಕೊರೆದು ದಾರಕ್ಕೆ ಪೋಣಿಸಿದೆವು. ಆದರೆ ಭುಜದ ಹತ್ತಿರ ಗಂಟು ರಟ್ಟನ್ನು ಹರಿದುಕೊಂಡು ಈಚೆಗೆ ಬಂತು. ಒಳಗಡೆ ಒಂದು ಹಳೇ ಅಂಗಿಯ ಗುಂಡಿ ಕೊಟ್ಟು, ಅದರ ಮೇಲೆ ಗಂಟು ಹಾಕಿದೆವು. ಆಮೇಲೆ ಐದು ವರ್ಷದ ಮಗ ಎಷ್ಟು ಎಳೆದರೂ ಕೈ ಕಿತ್ತು ಬರಲಿಲ್ಲ.

ಇನ್ನು ನಡೆಸುವುದು. ಕೆಟ್ಟ ಆಟದ ಕಾರಿನಿಂದ ಪುಟ್ಟ ಮೋಟರ್ ತೆಗೆದು, ಅದರ ಕಡ್ಡಿಯನ್ನು ರಬ್ಬರ್ ತುಂಡಿನ ಒಂದು ಬದಿಗೆ ಚುಚ್ಚಿದೆ. ನಡುವಿಗೆ ಚುಚ್ಚಿದರೆ ಪ್ರಯೋಜನವಿಲ್ಲ. ಭಾರ ಒಂದೇ ಕಡೆ ವಾಲಿ ತಿರುಗಿದರೇ ಮೋಟರ್ ಗಡಗಡ ನಡುಗೋದು, ನಡುಗಿದರೇ ರೋಬೋಟ್ ಕುಪ್ಪಳಿಸೋದು. 1.5 ವೋಲ್ಟಿನ ಎರಡು ಪೆನ್ಸಿಲ್ ಸೆಲ್ ಸಾಕಾಯಿತು. ನಾಣ್ಯದಂಥ ಬಟನ್ ಸೆಲ್ ಮಾತ್ರ ಬೇಡ. ಮಕ್ಕಳು ನುಂಗಿಬಿಟ್ಟರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು.

ಸ್ವಿಚ್ ಹಾಕಿದೆವು. ಗುಂಯ್ ಅಂತ ಸದ್ದು, ಅಷ್ಟೇ. ರೋಬೋಟ್ ಅನ್ನೋ ಪದ ಬಂದದ್ದು ಚೆಕ್ ಭಾಷೆಯ 'ರೊಬೊಟಾ'ದಿಂದ, ಬಿಟ್ಟಿ ಚಾಕರಿ ಅಂತ ಅದರ ಅರ್ಥ. ನಮ್ಮದು ಚಾಕರಿಗೆ ಒಪ್ಪಲೇ ಇಲ್ಲ! ರಟ್ಟಿನ ಮೈ ಆ ಮೋಟರಿಗೆ ತೀರಾ ಭಾರ.

"ಇದು ಅಮ್ಮ ರೋಬೋಟ್, ಸುಸ್ತಾಗಿದೆ. ಮರಿ ಮಾಡೋಣ" ಅಂದ ಮಗ. ಕಾಗದದ ಲೋಟ ಬೋರಲು ಹಾಕಿ, ಮೇಲೆ ಮೋಟರ್ ಮತ್ತು ಸೆಲ್ ಟೇಪಿನಿಂದ ಬಿಗಿದು, ಸುತ್ತ ಮೂರು ಒಣಗಿದ ಸ್ಕೆಚ್ ಪೆನ್ ಕಾಲಾಗಿ ಅಂಟಿಸಿದೆವು. ನೆಲಕ್ಕಿಟ್ಟ ತಕ್ಷಣ ಗರಗರ ಸುತ್ತುತ್ತಾ ಓಡಿತು. ಒಂದು ಪೆನ್ನಿನಲ್ಲಿ ಇನ್ನೂ ಇಂಕ್ ಇತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ನೆಲದ ತುಂಬಾ ನೀಲಿ ಚುಕ್ಕಿಗಳ ಸುರುಳಿ.

ನಾನು ಒರೆಸುವ ಬಟ್ಟೆ ತರುವಷ್ಟರಲ್ಲಿ ಮಗಳು ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಹಾಸಿ, ಉಳಿದ ಎರಡು ಕಾಲಿಗೂ ಬಣ್ಣದ ಪೆನ್ ಹುಡುಕುತ್ತಿದ್ದಳು.