ನೀರು ಕುಡಿಯಬೇಕು, ಉಬ್ಬಬಾರದು: ಅಯಾನು ಪೊರೆ ಮಾಡುವ ಬಗೆ

ಆಷಾಢದ ಮಳೆ ಹಿಡಿದರೆ ತೀರ್ಥಹಳ್ಳಿ ಕಡೆಯ ಹಳೇ ಮನೆಗಳಲ್ಲಿ ಬಾಗಿಲು ಹಾಕುವುದೇ ಕಷ್ಟ. ಮರ ನೀರು ಕುಡಿದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿರುತ್ತದೆ. ಅಯಾನು ವಿನಿಮಯ ಪೊರೆಯ ತಾಪತ್ರಯವೂ ಇದೇ. ನೀರು ಕುಡಿಯದಿದ್ದರೆ ಅದರೊಳಗೆ ಅಯಾನು, ಅಂದರೆ ಚಾರ್ಜ್ ಹೊತ್ತ ಕಣ, ಓಡಾಡುವುದಿಲ್ಲ. ಜಾಸ್ತಿ ಕುಡಿದರೆ ಉಬ್ಬಿ, ಮೆತ್ತಗಾಗಿ, ಹರಿದೇ ಹೋಗುತ್ತದೆ.

ಪೊರೆ ಅಂದರೆ ತೆಳ್ಳಗಿನ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ) ಹಾಳೆ. ಅದರ ಸರಪಳಿಗಳಿಗೆ ಋಣ ಚಾರ್ಜಿನ ಗುಂಪುಗಳನ್ನು ಕಟ್ಟಿಹಾಕಿದ್ದರೆ ಸೋಡಿಯಂ, ಹೈಡ್ರೋಜನ್‌ನಂಥ ಧನ ಅಯಾನುಗಳು ದಾಟುತ್ತವೆ. ಕ್ಲೋರೈಡ್ ಬಂದರೆ ಬಾಗಿಲಲ್ಲೇ ವಾಪಸ್. ಉಪ್ಪುನೀರನ್ನು ಸಿಹಿ ಮಾಡುವ ಎಲೆಕ್ಟ್ರೋಡಯಾಲಿಸಿಸ್, ಕಾಸ್ಟಿಕ್ ಸೋಡಾ ಕಾರ್ಖಾನೆ, ಫ್ಯುಯೆಲ್ ಸೆಲ್ ಎಲ್ಲ ಇದರ ಮೇಲೇ ನಿಂತಿವೆ. ಅಡಿಕೆ ತೋಟದ ಮಣ್ಣು ಗೊಬ್ಬರದ ಅಮೋನಿಯಂ ಹಿಡಿದುಕೊಂಡು ಕ್ಯಾಲ್ಸಿಯಂ ಬಿಟ್ಟುಕೊಡುವುದೂ ಇದೇ ಲೆಕ್ಕಾಚಾರ. ಮಣ್ಣಿನ ಈ ಗುಣವನ್ನು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ವೇ 1850ರಲ್ಲೇ ಬರೆದಿಟ್ಟಿದ್ದಾರೆ.

ಶಿವಮೊಗ್ಗದ ಕಾಲೇಜು ಲ್ಯಾಬಿನಲ್ಲಿ ನಾನು ವಿದ್ಯಾರ್ಥಿಗಳಿಂದ ಮಾಡಿಸುವ ಪೊರೆಗೆ ಬೇಕಾದ್ದು ಎರಡೇ ಸಾಮಾನು: ಪಾಲಿವಿನೈಲ್ ಆಲ್ಕೊಹಾಲ್ (ಪಿವಿಎ) ಪುಡಿ ಮತ್ತು ಸಲ್ಫೋಸಕ್ಸಿನಿಕ್ ಆಸಿಡ್. ಕೈಗವಸು, ಕನ್ನಡಕ ಕಡ್ಡಾಯ. ಈ ಆಸಿಡ್ ಒಂದೇ ಏಟಿಗೆ ಎರಡು ಕೆಲಸ ಮಾಡುತ್ತದೆ. ಅದರ ಎರಡು ಕಾರ್ಬಾಕ್ಸಿಲ್ ತುದಿಗಳು ಪಿವಿಎ ಸರಪಳಿಗಳನ್ನು ಒಂದಕ್ಕೊಂದು ಹೊಲಿಯುತ್ತವೆ. ಉಳಿದ ಸಲ್ಫೋನಿಕ್ ಗುಂಪು ಚಾರ್ಜ್ ಕೊಡುತ್ತದೆ.

ಪಾಕ

90 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 10 ಗ್ರಾಂ ಪಿವಿಎ ಹಾಕಿ. ತಣ್ಣೀರಿಗೇ ಉದುರಿಸಿ ಕಲಕುತ್ತಾ ಇರಿ, ಬಿಸಿನೀರಿಗೆ ಸುರಿದರೆ ಹಿಟ್ಟಿನ ಹಾಗೆ ಗಂಟುಕಟ್ಟುತ್ತದೆ. ಆಮೇಲೆ ನೀರಿನ ಪಾತ್ರೆಯೊಳಗಿಟ್ಟು 90 ಡಿಗ್ರಿಗೆ ಏರಿಸಿ, ತಿಳಿಯಾಗುವವರೆಗೆ ಎರಡು ಮೂರು ಗಂಟೆ ತಿರುವಿ. ಪೂರ್ತಿ ತಣ್ಣಗಾದ ಮೇಲೆ ಆಸಿಡ್. 2 ಗ್ರಾಂ ಸಾಕು. ಬಾಟಲಿಯಲ್ಲಿ ಅದು ಸಾಮಾನ್ಯವಾಗಿ 70 ಪರ್ಸೆಂಟ್ ದ್ರಾವಣವಾಗಿ ಬರುವುದರಿಂದ ಸುಮಾರು 2.9 ಗ್ರಾಂ ತೂಗಿಕೊಳ್ಳಿ. ಮುಚ್ಚಿ ರಾತ್ರಿಯಿಡೀ ಸುಮ್ನೆ ಬಿಟ್ಟುಬಿಡಿ, ಗುಳ್ಳೆ ಏರಿ ಒಡೆದುಹೋಗಲಿ. ಪೊರೆಯೊಳಗೆ ಉಳಿದ ಒಂದು ಗುಳ್ಳೆ ಮುಂದೆ ಒಂದು ತೂತು.

ಇನ್ನು ಸುರಿಯುವುದು. ಹಾಲುಬಾಯಿಯನ್ನು ತಟ್ಟೆಗೆ ಸುರಿದಷ್ಟೇ ಸಲೀಸು, ಆದರೆ ತಟ್ಟೆ ಮಟ್ಟವಾಗಿರಬೇಕು. ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ. 10 ಸೆಂ.ಮೀ. ಅಗಲದ ಪೆಟ್ರಿ ತಟ್ಟೆಗೆ ಸುಮಾರು 9 ಗ್ರಾಂ ದ್ರಾವಣ ಹಿಡಿಯಿತು ಅಂದರೆ ಒಣಗಿದ ಮೇಲೆ ಹೆಚ್ಚುಕಡಿಮೆ 100 ಮೈಕ್ರಾನ್ ದಪ್ಪ ಸಿಗುತ್ತದೆ. ತೆಳುವಾದಷ್ಟೂ ವಿದ್ಯುತ್ತಿಗೆ ತಡೆ ಕಡಿಮೆ, ನಿಜ. ಹರಿಯುವುದೂ ಅಷ್ಟೇ ಬೇಗ.

ಗಟ್ಟಿ ಬೇಕಿದ್ದರೆ ನಡುವೆ ಬಲೆ ಹಾಸಿ. ಮಾರುಕಟ್ಟೆಯ ಎಷ್ಟೋ ಪೊರೆಗಳೊಳಗೂ ನೇಯ್ದ ಬಟ್ಟೆ ಇರುತ್ತದೆ. ಮದುವೆ ಕಾಗದಕ್ಕೆ ಸ್ಕ್ರೀನ್ ಪ್ರಿಂಟ್ ಮಾಡುವವರ ಹತ್ತಿರ ಸಿಗುವ ಪಾಲಿಯೆಸ್ಟರ್ ಬಲೆ ಚೆನ್ನಾಗಿ ನಡೆಯುತ್ತದೆ. ನೈಲಾನ್ ಬೇಡ, ಆಸಿಡ್ ಅದನ್ನು ತಿನ್ನುತ್ತದೆ.

ಒಣಗಿಸುವುದು ಮಲೆನಾಡಿನಲ್ಲಿ ದೊಡ್ಡ ಕಥೆ. ಒಂದು ಜುಲೈಯಲ್ಲಿ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟಿದ್ದೆ. ಮೂರನೇ ದಿನ ಬೆರಳಿಟ್ಟರೆ ಹಲಸಿನ ಮೇಣದ ಹಾಗೆ ಅಂಟು, ಮೇಲೊಂದು ಸೊಳ್ಳೆ ಬೇರೆ. ಅಂದಿನಿಂದ ಮಳೆಗಾಲದಲ್ಲಿ 40 ಡಿಗ್ರಿ ಓವನ್ ಬಿಟ್ಟು ಬೇರೆ ಮಾತೇ ಇಲ್ಲ.

ಒಣಗಿ ತಟ್ಟೆಯಿಂದ ಎದ್ದ ಹಾಳೆಯನ್ನು 120 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಹೊಲಿಗೆ ಬೀಳುವುದು ಈ ಶಾಖದಲ್ಲೇ. ಈ ಹೆಜ್ಜೆ ಬಿಟ್ಟರೆ ಪೊರೆ ನೀರಿನಲ್ಲಿ ಲೋಳೆಯಾಗುತ್ತದೆ. ಹಾಗಂತ ಗಂಟೆಗಟ್ಟಲೆ ಬೇಯಿಸಿದರೆ ಕಂದಾಗಿ ಹಪ್ಪಳದ ಹಾಗೆ ಮುರಿಯುತ್ತದೆ.

ಮೂರು ಪರೀಕ್ಷೆ

ಮೊದಲನೆಯದು ಉಬ್ಬು. ಒಣ ತುಂಡನ್ನು ತೂಗಿ, ಉದ್ದ ಅಳೆದು, ಒಂದು ದಿನ ನೀರಲ್ಲಿಡಿ. ಫಿಲ್ಟರ್ ಪೇಪರಿನಲ್ಲಿ ಒತ್ತಿ ಮತ್ತೆ ತೂಗಿ. ಅರ್ಧ ಗ್ರಾಂ ಇದ್ದದ್ದು 0.80 ಆದರೆ 60 ಪರ್ಸೆಂಟ್ ನೀರು ಕುಡಿದಿದೆ ಅಂತ ಲೆಕ್ಕ. ತೂಕಕ್ಕಿಂತ ಉದ್ದದ ಮೇಲೆ ನನಗೆ ಕಣ್ಣು. ಚೌಕಟ್ಟಿನಲ್ಲಿ ಬಿಗಿದ ಪೊರೆ ಉದ್ದವಾದರೆ ಸುಕ್ಕುಬಿದ್ದು ಸೋರುತ್ತದೆ.

ಎರಡನೆಯದು ಚಾರ್ಜ್ ಎಷ್ಟಿದೆ ಎನ್ನುವುದು. ಅರ್ಧ ಗ್ರಾಂ ತುಂಡನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ನೆನೆಸಿ, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, 50 ಮಿ.ಲೀ. ಉಪ್ಪುನೀರಿನಲ್ಲಿ ಒಂದು ದಿನ ಬಿಡಿ. ಸೋಡಿಯಂ ಒಳಗೆ ಹೋಗಿ ಹೈಡ್ರೋಜನ್ ಹೊರಗೆ ಬರುತ್ತದೆ. ಪೂರ್ತಿ ದ್ರಾವಣವನ್ನು ಫಿನಾಲ್ಫ್ತಲೀನ್ ಹಾಕಿ 0.01 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡಿನಿಂದ ಟೈಟ್ರೇಟ್ ಮಾಡಿ, ಅಂದರೆ ಬಣ್ಣ ತಿರುಗುವವರೆಗೆ ಹನಿಹನಿಯಾಗಿ ಸೇರಿಸಿ. 40 ಮಿ.ಲೀ. ಹಿಡಿದರೆ ಗ್ರಾಂಗೆ 0.8 ಮಿಲಿ ಈಕ್ವಿವಲೆಂಟ್ (ಚಾರ್ಜ್ ಎಣಿಸುವ ಮಾನ). ನಮ್ಮ ಪಾಕದ ಅಳತೆಗೆ ಸಲ್ಫೋನಿಕ್ ಗುಂಪಿನಿಂದ ಕಾಗದದ ಮೇಲೆ ಬರುವುದು ಸುಮಾರು 0.87. ಹೆಸರಾಂತ ನಾಫಿಯಾನ್ 117 ಪೊರೆಯದು ಸುಮಾರು 0.91, ಅಷ್ಟೇ. ಅದರ ಹೆಚ್ಚುಗಾರಿಕೆ ಇರುವುದು ಚಾರ್ಜಿನಲ್ಲಲ್ಲ, ಸರಪಳಿಯ ಬೆನ್ನೆಲುಬಿನ ಕಾರ್ಬನ್-ಫ್ಲೋರಿನ್ ಬಂಧದ ಗಟ್ಟಿತನದಲ್ಲಿ. ಚಾರ್ಜ್ ಹೆಚ್ಚಿಸುತ್ತಾ ಹೋಗುವ ಹುಡುಗರಿಗೆ ನಾನು ತೋರಿಸುವುದು ಇದನ್ನೇ.

ಒಮ್ಮೆ ಅಳತೆ ಅರ್ಧಕ್ಕೆ ಇಳಿಯಿತು. ಎರಡು ದಿನ ತಲೆ ಕೆಡಿಸಿಕೊಂಡೆವು. ಕೊನೆಗೆ ನೋಡಿದರೆ, ಪೊರೆ ತೊಳೆದದ್ದು ನಲ್ಲಿಯ ಬೋರ್‌ವೆಲ್ ನೀರಿನಲ್ಲಿ! ಅದರ ಕ್ಯಾಲ್ಸಿಯಂ ಮೊದಲೇ ಜಾಗ ಹಿಡಿದು ಕೂತಿತ್ತು.

ಮೂರನೆಯದು, ಋಣ ಅಯಾನನ್ನು ನಿಜವಾಗಿ ತಡೆಯುತ್ತದಾ? ಪೊರೆಯ ಒಂದು ಕಡೆ 0.5 ಮೋಲಾರ್, ಇನ್ನೊಂದು ಕಡೆ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್. ಎರಡೂ ಕಡೆ ಕ್ಯಾಲೊಮೆಲ್ ಎಲೆಕ್ಟ್ರೋಡ್ (ವೋಲ್ಟೇಜ್ ಅಳೆಯಲು ಬಳಸುವ ಕಡ್ಡಿ) ಇಳಿಸಿ, ಡಿಜಿಟಲ್ ಮಲ್ಟಿಮೀಟರ್ ಹಚ್ಚಿ. 25 ಡಿಗ್ರಿಯಲ್ಲಿ ಒಂದೂ ಕ್ಲೋರೈಡ್ ಬಿಡದ ಪೊರೆ ಸುಮಾರು 37 ಮಿಲಿವೋಲ್ಟ್ ತೋರಿಸಬೇಕು. 33 ಬಂದರೆ ಖುಷಿಪಡಿ. 20 ಬಂದರೆ ಉಬ್ಬಿನ ಲೆಕ್ಕಕ್ಕೆ ವಾಪಸ್ ಹೋಗಿ. ನೀರು ಜಾಸ್ತಿಯಾಗಿ ಚಾರ್ಜುಗಳು ದೂರದೂರ ಸರಿದಿರುತ್ತವೆ, ನಡುವೆ ಕ್ಲೋರೈಡ್ ನುಸುಳುತ್ತಿರುತ್ತದೆ.

ಬಾಳಿಕೆಗೆ ಪೆಡಸು ಪರೀಕ್ಷೆ ಒಂದಿದೆ: 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್‌ಗೆ ಚಿಟಿಕೆಗಿಂತಲೂ ಕಡಿಮೆ, ಕೆಲವೇ ಪಿಪಿಎಂ (ಹತ್ತು ಲಕ್ಷಕ್ಕೆ ಕೆಲವೇ ಭಾಗ) ಫೆರಸ್ ಕಬ್ಬಿಣ ಹಾಕಿ ಬಿಸಿ ಮಾಡಿ ಪೊರೆಯನ್ನು ಅದರಲ್ಲಿಡುವುದು. ಇದರಲ್ಲಿ ಪಿವಿಎ ಪೊರೆ ನಾಫಿಯಾನ್ ಮುಂದೆ ನಿಲ್ಲುವುದಿಲ್ಲ. ಕ್ಷಾರದಲ್ಲೂ ಬಹಳ ದಿನ ಇಡಬೇಡಿ, ನಮ್ಮ ಹೊಲಿಗೆ ಎಸ್ಟರ್ (ಆಸಿಡ್ ಮತ್ತು ಆಲ್ಕೊಹಾಲ್ ಸೇರಿ ಆದ) ಬಂಧದ್ದು, ಬಿಚ್ಚಿಕೊಳ್ಳುತ್ತದೆ. ಕಾಸ್ಟಿಕ್ ಸೋಡಾ ಕೆಲಸಕ್ಕೆ ಇದು ಆಗಿಬರುವುದಿಲ್ಲ, ಉಪ್ಪುನೀರಿಗೆ ಸರಿ.

ಮುಗಿದ ಪೊರೆಯನ್ನು ಒಣಗಲು ಬಿಡಬೇಡಿ, ತೆಳು ಉಪ್ಪುನೀರಿನ ಡಬ್ಬಿಯಲ್ಲಿ ಮುಚ್ಚಿಡಿ. ಒಂದು ತುಂಡನ್ನು ಮಾತ್ರ ಬೇರೆ ಇಟ್ಟು ತಿಂಗಳಿಗೊಮ್ಮೆ ತೂಗಿ, ಮುಚ್ಚಳದ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಮಸಿ ನಮ್ಮ ಕಡೆಯ ತೇವಕ್ಕೆ ಉಳಿಯುವುದಿಲ್ಲ.