ಮನೆಗೊಂದು ಬೆಲ್ಲ, ಪೇಟೆಗೊಂದು ಬೆಲ್ಲ: ನಾನು ಅದನ್ನು ಬಿಟ್ಟ ಬಗೆ

ಮಹಾಲಿಂಗಪುರದ ಬೆಲ್ಲದ ಪೇಟೆಗೆ ನಮ್ಮ ಗಾಣದ ಬೆಲ್ಲ ಅಜ್ಜನ ಕಾಲದಿಂದ ಹೋಗುತ್ತಿತ್ತು. ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ಪೆಂಟಿ (ಬೆಲ್ಲದ ಅಚ್ಚು) ಮುರಿದು ಬಾಯಿಗೆ ಹಾಕಿಕೊಂಡು ನೋಡುವವರು ಕಡಿಮೆ. ಕಣ್ಣು ಮೊದಲು ಬಣ್ಣಕ್ಕೆ ಹೋಗುತ್ತದೆ. ಹಳದಿಗೆ ಒಂದು ದರ, ಕೆಂಪಿಗೆ ಇನ್ನೊಂದು. ಆ ದರದ ಸಲುವಾಗಿ ನಾನೂ ಆರೇಳು ವರ್ಷ ಬೆಲ್ಲ ಕಾಯಿಸುವ ಕೊಪ್ಪರಿಗೆಗೆ ಹೈಡ್ರೋಸ್ ಪುಡಿ ಹಾಕಿದವನೇ.

ಆದರೆ ಮನೆಗೆ ಬೇಕಾದ ಬೆಲ್ಲಕ್ಕೆ ಹಂಗಾಮಿಗೊಮ್ಮೆ ಪುಡಿ ಹಾಕದೆ ಬೇರೆ ಕೊಪ್ಪರಿಗೆ ಇಳಿಸುತ್ತಿದ್ದೆವು. ಒಮ್ಮೆ ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟುತ್ತ ಕುಳಿತಿದ್ದ ಅವ್ವ ಕೇಳಿದಳು: "ಮನಿಗಿ ಬ್ಯಾರೆ, ಮಂದಿಗಿ ಬ್ಯಾರೆ ಯಾಕೋ ತಮ್ಮಾ? ಅವರ ಮನ್ಯಾಗ ಮಕ್ಕಳಿಲ್ಲೇನು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೈಡ್ರೋಸ್ ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಬಟ್ಟೆಯ ಬಣ್ಣ ತೆಗೆಯಲು ಬಳಸುವ ರಾಸಾಯನಿಕ. ಪಾಕದ ಬಣ್ಣವನ್ನೂ ಹಾಗೇ ತಿಳಿಯಾಗಿಸುತ್ತದೆ, ಗಂಧಕದ ಅಂಶವನ್ನು ಒಳಗೆ ಬಿಡುತ್ತದೆ. ದಮ್ಮು ಇರುವವರಿಗೆ ಆ ಗಂಧಕದಿಂದ ಉಸಿರಾಟದ ತೊಂದರೆ ಹೆಚ್ಚಬಹುದು. 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಬಂದ ನಿಯಮದಲ್ಲಿ ಒಂದು ಕಿಲೋ ಬೆಲ್ಲಕ್ಕೆ ಸಲ್ಫರ್ ಡೈಆಕ್ಸೈಡ್ 70 ಮಿಲಿಗ್ರಾಂ ದಾಟಬಾರದು ಎಂದಿದೆ. ಹಿಡಿಗಟ್ಟಲೆ ಪುಡಿ ಎರಚುವವನಿಗೆ ಆ ಲೆಕ್ಕ ಹೇಗೆ ಸಿಗಬೇಕು? ಇನ್ನೊಂದು ಮಾತು: ಆ ಹಳದಿ ಉಳಿಯುವುದೂ ಇಲ್ಲ. ಕೆಲವು ವಾರ ಇಟ್ಟರೆ ಬೆಲ್ಲ ಮತ್ತೆ ಕಪ್ಪಾಗುತ್ತ ಬರುತ್ತದೆ.

ಪುಡಿ ಬಿಡುವುದು ಸುಲಭ, ಅದು ಮುಚ್ಚುತ್ತಿದ್ದ ತಪ್ಪುಗಳನ್ನು ಬಿಡುವುದು ಕಷ್ಟ. ನೆಲಕ್ಕೆ ಬಿದ್ದ ಕಬ್ಬು, ಎಳೆ ಕಬ್ಬು, ಕಡಿದು ಎರಡು ದಿನ ಬಿಸಿಲಿಗೆ ಒಣಗಿದ ಕಬ್ಬು, ಮಣ್ಣು ಮೆತ್ತಿದ ಬುಡ, ಇವೆಲ್ಲ ಪುಡಿಯಿಂದ ಮುಚ್ಚಿ ಹೋಗುತ್ತಿದ್ದವು. ಈಗ ಒಂದೊಂದನ್ನೂ ಹಿಡಿಯಬೇಕಾಯಿತು. ಬೆಳಿಗ್ಗೆ ಕಡಿದ ಕಬ್ಬು ಸಂಜೆಯೊಳಗೆ ಗಾಣಕ್ಕೆ ಬೀಳಬೇಕು ಎಂದು ಕಡಿಯುವ ಗ್ಯಾಂಗಿನವರೊಂದಿಗೆ ಮಾತಾಡಿಕೊಂಡೆ. ಕಡಿದಿಟ್ಟ ಕಬ್ಬಿನಲ್ಲಿ ಸಕ್ಕರೆ ಒಡೆಯುತ್ತದೆ, ಅಂಥ ಕಬ್ಬಿನ ಹಾಲಿನ (ರಸದ) ಬೆಲ್ಲ ಎಷ್ಟು ಕಾಯಿಸಿದರೂ ಸರಿಯಾಗಿ ಗಟ್ಟಿ ಕೂಡುವುದಿಲ್ಲ.

ನಿಜವಾದ ಕೆಲಸ ಇರುವುದು ಮಡ್ಡಿ, ಅಂದರೆ ಹಾಲಿನಲ್ಲಿರುವ ಕಸ, ತೆಗೆಯುವುದರಲ್ಲಿ. ಬೆಂಡೆಗಿಡದ ಹಸಿ ಕಾಂಡ ಜಜ್ಜಿ ನೀರಿನಲ್ಲಿ ನೆನೆಸಿ ಕಿವುಚಿದರೆ ಲೋಳೆ ಬಿಡುತ್ತದೆ. ಹಾಲು ಬಿಸಿಯಾಗುತ್ತ ಬಂದಾಗ, ಕುದಿ ಹತ್ತುವ ಮೊದಲೇ, ಆ ಲೋಳೆ ಹಾಕಬೇಕು. ಕಸವೆಲ್ಲ ಲೋಳೆಗೆ ಅಂಟಿ ಹಸಿರುಗಪ್ಪು ಕೆನೆಯಂತೆ ಮೇಲೆ ಬರುತ್ತದೆ. ಆ ಹೊತ್ತಿಗೆ ಒಲೆಯ ಉರಿ ತಗ್ಗಿಸಿ, ಜಾಲರಿಯಿಂದ ಅಂಚಿನಿಂದ ಅಂಚಿಗೆ ಎಳೆದು ತೆಗೆಯಬೇಕು. ಕುದಿ ಹತ್ತಿಬಿಟ್ಟರೆ ಮಡ್ಡಿ ಒಡೆದು ಮತ್ತೆ ಹಾಲಿನೊಳಗೆ ಸೇರುತ್ತದೆ. ಮೊದಲ ಹಂಗಾಮಿನಲ್ಲಿ ನಮ್ಮ ಹುಡುಗರು ಈ ಹೊತ್ತನ್ನೇ ತಪ್ಪಿಸುತ್ತಿದ್ದರು, ಬೆಲ್ಲ ಕರ್ರಗಾಗುತ್ತಿತ್ತು. ಹಾಲು ತಿಳಿಯಾಗಲು ಹಾಕುವ ಸುಣ್ಣದ ನೀರು ಹೆಚ್ಚಾದರೂ ಕಪ್ಪೇ. ಅದಕ್ಕೇ ಈಗ ಸುಣ್ಣದ ತಿಳಿಯನ್ನು ಅಳತೆಯ ಲೋಟದಿಂದಲೇ ಹಾಕುತ್ತೇವೆ, ಕೈ ಅಂದಾಜಿಲ್ಲ.

ಪಾಕ ಇಳಿಸುವ ಹೊತ್ತಿಗೆ ಹಳೆಯ ಪರೀಕ್ಷೆಯೇ ನನಗೆ ಮೆಚ್ಚು: ತಣ್ಣೀರಿನಲ್ಲಿ ಒಂದಿಷ್ಟು ಬಿಟ್ಟು ಉಂಡೆ ಮಾಡಿ, ಕೊಪ್ಪರಿಗೆಯ ಅಂಚಿಗೆ ಬಡಿದರೆ ಠಣ್ ಎನ್ನಬೇಕು. ಜೊತೆಗೆ ಥರ್ಮಾಮೀಟರೂ ಇಟ್ಟಿದ್ದೇನೆ, 118 ಡಿಗ್ರಿ ಆಸುಪಾಸಿಗೆ ಇಳಿಸುತ್ತೇವೆ. ಹೀಗೆ ಮಾಡಿದ ಬೆಲ್ಲ ಹೊಂಗೆಂಪಗೆ ಬರುತ್ತದೆ, ಹಳದಿ ಬರುವುದಿಲ್ಲ. ಬರಲೂಬಾರದು.

ಪೇಟೆಯಲ್ಲಿ ಏಟು ಬಿತ್ತು. "ಮಾಲು ಕೆಂಪಗೈತ್ರೀ, ಈ ರೇಟಿಗೆ ಹೋಗೂದಿಲ್ಲ" ಎಂದ ಅಡತಿಯವರ (ಪೇಟೆಯ ದಲ್ಲಾಳಿಗಳ) ಮೇಲೆ ನನಗೆ ಸಿಟ್ಟಿಲ್ಲ, ಅವರೂ ಗಿರಾಕಿ ಕೇಳಿದ್ದನ್ನೇ ಹೇಳುತ್ತಿದ್ದರು. ಎರಡು ಹಂಗಾಮು ನಷ್ಟದಲ್ಲೇ ಕಳೆದವು. ಆಮೇಲೆ ಬಾಗಲಕೋಟೆ, ಜಮಖಂಡಿ, ಮುಧೋಳದ ಮನೆಗಳಿಗೆ ನೇರವಾಗಿ ಒಂದು ಕಿಲೋ ಪಾಕೀಟು ಕೊಡಲು ಶುರು ಮಾಡಿದೆ. ಆಹಾರ ನೋಂದಣಿ ಮಾಡಿಸಿದೆ, ತಕ್ಕಡಿಗೆ ಮುದ್ರೆ ಹಾಕಿಸಿದೆ. ಪಾಕೀಟಿನ ಮೇಲೆ ತಯಾರಿಸಿದ ತಾರೀಖು, ತೂಕ, ದರ, ನನ್ನ ವಿಳಾಸ, ದೂರು ಹೇಳಲು ಫೋನ್ ನಂಬರು. ಪ್ರಯೋಗಾಲಯಕ್ಕೆ ಹಂಗಾಮಿಗೆ ಎರಡು ಸಲ ಮಾದರಿ ಕಳಿಸುತ್ತೇನೆ. ಖರ್ಚಾಗುತ್ತದೆ, ಆದರೆ ಆ ಚೀಟಿ ಕೈಯಲ್ಲಿಲ್ಲದೆ "ಶುದ್ಧ" ಎಂಬ ಶಬ್ದ ಬರೆಯಲು ನನಗೆ ಮನಸ್ಸಾಗುವುದಿಲ್ಲ.

ಇದೆಲ್ಲಕ್ಕಿಂತ ಹೆಚ್ಚು ಉಪಯೋಗವಾಗಿದ್ದು ಒಂದು ಕಪಾಟು. ಪ್ರತಿ ಕೊಪ್ಪರಿಗೆಯಿಂದ ಒಂದು ತುಂಡು ಬೆಲ್ಲ ಬಾಟಲಿಗೆ ಹಾಕಿ, ತಾರೀಖು, ಯಾವ ಹೊಲದ ಕಬ್ಬು ಎಂದು ಬರೆದು ಇಡುತ್ತೇವೆ. ಪಾಕೀಟಿನ ಮೇಲೂ ಅದೇ ತಾರೀಖು ಇರುತ್ತದೆ. ಕಳೆದ ಮಳೆಗಾಲದಲ್ಲಿ ಜಮಖಂಡಿಯ ಒಬ್ಬ ಅಕ್ಕ ಫೋನ್ ಮಾಡಿದರು: "ಅಣ್ಣಾರ, ಬೆಲ್ಲ ನೀರು ಬಿಟ್ಟೈತ್ರಿ, ಡಬ್ಬಿ ತುಂಬ ಕಾಕಂಬಿ." ಮಳೆಗಾಲದ ಥಂಡಿಗೆ ಹಾಗಾಗಿರಬೇಕು ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಕಪಾಟಿನ ನೆನಪಾಗಿ ತಾರೀಖು ಕೇಳಿ ಆ ಬಾಟಲಿ ತೆಗೆದೆ. ಮುಚ್ಚಳ ಭದ್ರವಾಗಿತ್ತು, ಆದರೂ ತುಂಡು ಮೆತ್ತಗಾಗಿ ತಳಕ್ಕೆ ಅಂಟಿತ್ತು. ಪಕ್ಕದ ಬಾಟಲಿಗಳ ತುಂಡು ಕಲ್ಲಿನಂತಿದ್ದವು. ವಹಿ ತೆರೆದು ನೋಡಿದರೆ, ಆ ದಿನ ಟ್ರ್ಯಾಕ್ಟರ್ ಕೆಟ್ಟು ಕಬ್ಬು ಹೊಲದಲ್ಲೇ ಎರಡು ದಿನ ಬಿದ್ದಿತ್ತು. ಅದನ್ನು ಅರೆಯಲು ಹೇಳಿದವನು ನಾನೇ.

ಆ ತಾರೀಖಿನ ಪಾಕೀಟು ಹೋದ ಎಲ್ಲ ಮನೆಗಳಿಗೂ ಫೋನ್ ಮಾಡಿ ಬೆಲ್ಲ ವಾಪಸ್ ತಂದೆ, ಬದಲಿಗೆ ಬೇರೆ ಕೊಟ್ಟೆ. ಈಗ ವಹಿಯಲ್ಲಿ ಒಂದು ಸಾಲು ಹೆಚ್ಚಾಗಿದೆ: ಕಬ್ಬು ಕಡಿದ ಹೊತ್ತು. ಅದು ಖಾಲಿ ಇದ್ದರೆ ಗಾಣ ಶುರು ಮಾಡಬೇಡಿ ಎಂದು ಹುಡುಗರಿಗೆ ಹೇಳಿದ್ದೇನೆ. ನಾನೇ ಬಂದು ಹೇಳಿದರೂ ಸರಿ.