ಲ್ಯೂಕೋಸಿಸ್ ನಡುವೆ ತಳಿ ಕೋಳಿ ಉಳಿಸಿಕೊಂಡಿದ್ದು

ದೆಂಕಣಿಕೋಟೆ ಕಡೆ ನಮ್ಮದು ನಾಟಿ ಕೋಳಿಯ ಸಣ್ಣ ಫಾರಂ. ಮರಿ ಮಾಡಿಸಿ ಹೊಸೂರು, ಆನೇಕಲ್ ಕಡೆ ಮಾರುತ್ತೇವೆ. ಮೊಟ್ಟೆಗೆ ಬಂದ ಹೇಟೆಗಳು ಒಂದೊಂದೇ ಸೊರಗಿ ಸಾಯತೊಡಗಿದಾಗ ಎಲ್ಲರೂ ಮ್ಯಾರೆಕ್ಸ್ ಅನ್ನೋ ಕೋಳಿಯ ಗಡ್ಡೆ ರೋಗ ಅಂದರು. ಡಾಕ್ಟರು ಸತ್ತ ಒಂದನ್ನು ಕೊಯ್ದು ತೋರಿಸಿದರು. ಹೊಟ್ಟೆ ತುಂಬ ಲಿವರ್ರೇ, ಮೇಲೆಲ್ಲ ಬೂದುಬಿಳಿ ಮಚ್ಚೆ. ಗುದದ ಮೇಲಿನ ಬರ್ಸಾ ಅನ್ನೋ ಚೀಲದಲ್ಲಿ ಗಂಟು. ಕಾಲಿನ ನರ ಮಾತ್ರ ತೆಳ್ಳಗೇ ಇತ್ತು.

"ಮ್ಯಾರೆಕ್ಸ್‌ನಲ್ಲಿ ಸಾಮಾನ್ಯವಾಗಿ ಈ ನರ ದಪ್ಪ ಆಗತ್ತೆ ಅಣ್ಣ, ಬರ್ಸಾದಲ್ಲಿ ಹೀಗೆ ಗಂಟು ಕಟ್ಟಲ್ಲ. ಇದು ಲ್ಯೂಕೋಸಿಸ್ ಅನ್ನೋ ಇನ್ನೊಂದು ಗಡ್ಡೆ ರೋಗ ಇರಬೇಕು" ಎಂದರು. ಲ್ಯಾಬ್ ವರದಿಯೂ ಅದನ್ನೇ ಹೇಳಿತು.

ಇದಕ್ಕೆ ಲಸಿಕೆಯೂ ಇಲ್ಲ, ಔಷಧಿಯೂ ಇಲ್ಲ. ಇದು ರೆಟ್ರೋವೈರಸ್. ತನ್ನ ಆರ್‌ಎನ್‌ಎಯಿಂದ ಡಿಎನ್‌ಎ ಮಾಡಿಕೊಂಡು ಕೋಳಿಯ ಜೀನುಗಳ ನಡುವೆ ಸೇರಿಬಿಡುತ್ತದೆ. 1911ರಲ್ಲಿ ವಿಜ್ಞಾನಿ ಪೇಟನ್ ರೌಸ್ ಕೋಳಿಯಲ್ಲಿ ಕಂಡ ಇದೇ ಬಳಗದ ವೈರಸ್ ಗಡ್ಡೆ ಮಾಡುವ ಜೀನನ್ನು ಹೊತ್ತೇ ಬರುತ್ತದೆ, ಬೇಗ ಗಡ್ಡೆ ಎಬ್ಬಿಸುತ್ತದೆ. ನಮ್ಮ ಫಾರಂಗೆ ಬಂದದ್ದು ಹಾಗಲ್ಲ. ಅದು ಕೋಳಿಯದೇ ಮಿಕ್ ಎಂಬ, ಜೀವಕೋಶ ಬೆಳೆಸುವ ಜೀನಿನ ಪಕ್ಕ ಹೋಗಿ ಕೂತರೆ ಆ ಜೀನು ಹತೋಟಿ ತಪ್ಪುತ್ತದೆ. ಹೀಗೆ ಗಡ್ಡೆ ಬೆಳೆಯೋಕೆ ಸಮಯ ಬೇಕು, ಅದಕ್ಕೇ ನಾಲ್ಕು ತಿಂಗಳ ಒಳಗಿನ ಕೋಳಿ ಇದರಿಂದ ಸಾಯುವುದು ಕಡಿಮೆ.

ಮೊಟ್ಟೆಯೊಳಗೇ ಮರಿಗೆ ವೈರಸ್ ದಾಟಿಸುವುದು ಹೇಟೆ. ಹಾಗಾಗಿ ಪ್ರತಿ ಹೇಟೆಯ ಕಾಲಿಗೂ ನಂಬರ್ ಉಂಗುರ ಹಾಕಿ, ಗೂಡು ಬೇರೆ ಮಾಡಿ, ಅದರ ಮೊಟ್ಟೆಯ ಬಿಳಿಯನ್ನು ವೈರಸ್ಸಿನ ಪಿ27 ಪ್ರೋಟೀನ್ ಹುಡುಕುವ ಎಲೈಸಾ ಪರೀಕ್ಷೆಗೆ ಕಳಿಸಿದೆ. ಪಾಸಿಟಿವ್ ಬಂದವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಒಳ್ಳೊಳ್ಳೆ ಹೇಟೆಗಳೂ ಅದರಲ್ಲಿದ್ದವು.

"ಎಲ್ಲಾನೂ ಮಾರಿಬಿಡ್ಲಾ ಡಾಕ್ಟ್ರೇ?"

"ಸ್ವಲ್ಪ ತಡೀರಿ."

ವಿಷಯ ಏನಪ್ಪಾ ಅಂದ್ರೆ, ಯಾವುದೋ ಕಾಲದಲ್ಲಿ ಸೇರಿಕೊಂಡ ಇಂಥ ವೈರಸ್ಸಿನ ತುಂಡುಗಳು ಕೋಳಿಯ ಡಿಎನ್‌ಎಯಲ್ಲೇ ಇವೆ. ಅವು ತಾಯಿಯಿಂದಲೂ ಬರುತ್ತವೆ, ಹುಂಜದಿಂದಲೂ ಬರುತ್ತವೆ. ಬಹುತೇಕ ರೋಗ ತರುವುದಿಲ್ಲ. ಆದರೆ ಕೆಲವು ಅದೇ ಪಿ27 ಪ್ರೋಟೀನ್ ಮಾಡುತ್ತವೆ, ಎಲೈಸಾಗೆ ವ್ಯತ್ಯಾಸ ಗೊತ್ತಾಗಲ್ಲ. ಎರಡರಲ್ಲೂ ಬೇರೆ ಬೇರೆ ಇರುವ, ವೈರಸ್ಸಿನ ಹೊರಕವಚದ ಎನ್ವ್ ಜೀನನ್ನು ಡಿಎನ್‌ಎ ಪರೀಕ್ಷೆಯಾದ ಪಿಸಿಆರ್‌ನಲ್ಲಿ ನೋಡಿಸಿದ ಮೇಲೆ, ಹೊರಗಿನ ವೈರಸ್ ಇದ್ದ ಹೇಟೆಗಳನ್ನು ಮಾತ್ರ ತೆಗೆದೆ. ರೆಕ್ಕೆ ನಿಧಾನ ಬೆಳೆಯುವ ಲೈನ್ ಸಾಕುವವರು ಇನ್ನೂ ಎಚ್ಚರವಾಗಿರಬೇಕು. ಆ ಗುಣದ ಜೀನಿನ ಪಕ್ಕದಲ್ಲೇ ಇವಿ21 ಎಂಬ ತುಂಡು ಕೂತಿರುವುದು ಸಾಮಾನ್ಯ, ಅಂಥ ಕೋಳಿಗೆ ಹೊರಗಿನ ವೈರಸ್ ಸುಲಭವಾಗಿ ಅಂಟುತ್ತದೆ.

ಈಗ ತಾಯಿವಾರು ಮರಿ ಮಾಡಿಸುತ್ತೇನೆ. ಲಸಿಕೆ ಹಾಕುವಾಗ ಸೂಜಿ ಬದಲಿಸುತ್ತೇನೆ. ದೊಡ್ಡ ಕೋಳಿ ಜೊತೆ ಮರಿ ಬಿಡುವುದಿಲ್ಲ. ಪ್ರತಿ ಪೀಳಿಗೆಗೂ ಪರೀಕ್ಷೆ ಆಗಲೇಬೇಕು, ಖರ್ಚು ಜಾಸ್ತಿನೇ. ಅದಕ್ಕೆ ತಳಿಗೆ ಇಟ್ಟುಕೊಳ್ಳುವ ಹೇಟೆಗಳಿಗೆ ಮಾತ್ರ ಮಾಡಿಸುತ್ತೇನೆ.